ಇನಾಮು ಮುಟ್ಟೈತ್ರಿ ಹುಜೂರ್

"ಕೈ ಅಲ್ಲೋ ಹಾಟ್ಯಾನ ಮಗನ, ವಲ್ಲಿ ಒಡ್ಡು, ವಲ್ಲಿ. ಕೈ ಒಡ್ಡಾಕ ಸಾಹೇಬ್ರು ನಿನಗೇನು ಬೀಗ್ರೇನು?"

ತಿಮ್ಮಣ್ಣ ಚಾಚಿದ ಕೈ ಹಿಂದಕ್ಕೆಳೆದುಕೊಂಡು, ಹೆಗಲ ಮೇಲಿನ ವಲ್ಲಿಯ ಎರಡು ತುದಿ ಹಿಡಿದು ಮುಂದೆ ಒಡ್ಡಿದ. ಗುತ್ತೇದಾರ ಕೊಟ್ರಬಸಪ್ಪ ಮೊಳದಷ್ಟು ಎತ್ತರದಿಂದ ಅದರೊಳಗೆ ಒಂದು ಹುಣಸೆ ಬೀಜ ಹಾಕಿದ. ರೂಪಾಯಿಯ ಬದಲಿಗೆ ಬೆಳಗಿನಿಂದ ಅದೊಂದೇ ಬೀಜ ಹನ್ನೊಂದು ವಲ್ಲಿಗಳನ್ನು ಸುತ್ತುತ್ತಿತ್ತು.

"ಏನ್ ಬಿತ್ತಂತ ನೋಡ್ತೀಯಲ್ಲೋ ಸೂಳಿಮಗನ. ನೋಡಬಾರ್ದು. ಬಂಗಾರ ಬಿತ್ತೋ ಸಗಣಿ ಬಿತ್ತೋ, ನಿನಗ್ಯಾಕ ಬೇಕು? ಮಾರಿ ಎತ್ತು. ನಗು. ಹಲ್ಲು ಕಾಣಬಾರ್ದು."

ತಿಮ್ಮಣ್ಣ ಹಲ್ಲು ಕಾಣದ ಹಾಗೆ ನಕ್ಕ. ದವಡೆ ಬಾತವನ ಹಾಗೆ ಕಂಡ. ಸಾಲಿನಲ್ಲಿ ನಿಂತಿದ್ದ ಉಳಿದ ಹತ್ತು ಜನ ಅಂಬಿಗರು ನಗು ತಡೆಯಲು ತಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು.

"ಈಗ ಸಾಹೇಬ್ರು ಕೇಳ್ತಾರ. ಇನಾಮು ಮುಟ್ಟಿತೇನೋ ಅಂಬಿಗಾ? ಏನಂತೀ?"

"ಮುಟ್ಟೈತ್ರಿ ಹುಜೂರ್."

"ಆಮ್ಯಾಲ?"

"ನಮ್ಮ ಖುಷಿಲೇ ಧಣ್ಯಾರಿಗೆ ಬಿಟ್ಟುಕೊಟ್ಟೀವ್ರಿ."

"ಖುಷಿಲೇ ಅನ್ನುವಾಗ ಹೇಂತಿ ಓಡಿಹೋದವನ ಮಾರಿ ಮಾಡ್ತೀಯಲ್ಲೋ."

"ನಾ ಇಲ್ಲೇ ಅದೀನ್ರಿ ಧಣಿ, ಇನ್ನೂ ಓಡಿಲ್ಲ" ಎಂದಳು ಕಳಕಮ್ಮ. ಅವಳು ತಿಮ್ಮಣ್ಣನ ಹೆಂಡತಿ. ಸ್ವಲ್ಪ ದೂರದಲ್ಲಿ ಕೂತು, ಬೋರಲು ಹಾಕಿದ ಹರಿಗೋಲಿನ ಚರ್ಮಕ್ಕೆ ಎಣ್ಣೆ ಸವರುತ್ತಿದ್ದಳು. ಈ ಸಲ ಸಾಲಿನವರಿಗೆ ತಡೆಯಲಾಗಲಿಲ್ಲ. ಕೊಟ್ರಬಸಪ್ಪ ಆ ಸಿಟ್ಟನ್ನು ಗಂಡನ ಮೇಲೆ ತೀರಿಸಿದ. ಕೈಯಲ್ಲಿದ್ದ ಬೆತ್ತದಿಂದ ತಿಮ್ಮಣ್ಣನ ಮೊಣಕಾಲಿಗೆ ಒಂದು ಬಾರಿಸಿ, ಕಿವಿ ಹಿಡಿದುಕೊಂಡು ಹತ್ತು ಸಲ ಆ ಮಾತನ್ನು ಹೇಳಿಸಿದ. ಹತ್ತನೆಯ ಸಲಕ್ಕೆ ತಿಮ್ಮಣ್ಣನ ಖುಷಿ ತಕ್ಕಮಟ್ಟಿಗೆ ಸರಿಹೋಯಿತು.

ಗಂಗಾವತಿಯ ದಕ್ಷಿಣಕ್ಕೆ, ತುಂಗಭದ್ರೆ ಬಂಡೆಗಳ ನಡುವೆ ಹೊಕ್ಕು ಹೊರಡುವ ಕಡೆ ಹೊಳೆ ದಾಟುವ ಆ ಕಡವು ಇತ್ತು. ಹನ್ನೊಂದು ಹರಿಗೋಲು, ಹನ್ನೊಂದು ಅಂಬಿಗರ ಮನೆ. ಸಂತೆಯವರು, ಜಾತ್ರೆಯವರು, ಹಾಳು ಗುಡಿ ನೋಡಲು ಬರುವ ದೊಡ್ಡವರು, ಎಲ್ಲರೂ ಅಲ್ಲೇ ದಾಟುತ್ತಿದ್ದರು. ದಾಟಿದವರು ಸಂತೋಷಪಟ್ಟು ಕೊಡುವ ಕಾಸಿಗೆ ಕಡವಿನಲ್ಲಿ ಇನಾಮು ಎಂದು ಹೆಸರು. ಕೊಟ್ರಬಸಪ್ಪ ಗುತ್ತಿಗೆ ಹಿಡಿದ ಮೇಲೆ ಇನಾಮು ಅವನ ತಾಮ್ರದ ತಂಬಿಗೆಗೆ ಬೀಳತೊಡಗಿತು. ಅಮಾವಾಸ್ಯೆಗೊಮ್ಮೆ ಅವನಿಗೆ ತಿಳಿದಷ್ಟು ತೆಗೆದು ಹಂಚುತ್ತಿದ್ದ. ಕೂಲಿ ಕೇಳಿದರೆ, "ಇನಾಮು ಬರ್ತೈತಲ್ಲೋ, ಪಗಾರ ಯಾಕ?" ಎನ್ನುತ್ತಿದ್ದ.

ಹನ್ನೊಂದು ಮನೆಯ ಹೊಟ್ಟೆ ನಡೆಯುತ್ತಿದ್ದುದು ಗಡ್ಡಿಯಿಂದ. ಹೊಳೆಯ ನಡುವಿನ ನಡುಗಡ್ಡೆ ಅದು. ಒಂದು ತುದಿಯಲ್ಲಿ ನಾಲ್ಕು ಕಲ್ಲುಕಂಬದ ಮುರುಕು ಮಂಟಪ, ಉಳಿದದ್ದೆಲ್ಲ ಮೆಕ್ಕಲು ಮಣ್ಣು. ಉಳ್ಳಾಗಡ್ಡಿ, ಸೌತೆ, ಬದನೆ, ಏನು ಹಾಕಿದರೂ ಬರುತ್ತಿತ್ತು. ಅಜ್ಜ ಉಳುತ್ತಿದ್ದ, ಅಪ್ಪ ಉಳುತ್ತಿದ್ದ, ಈಗ ಇವರು ಉಳುತ್ತಿದ್ದರು. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಯಾರೂ ಕೇಳಿದವರಲ್ಲ. ಅದಕ್ಕೆ ಗಡ್ಡಿ ಎಂಬುದನ್ನು ಬಿಟ್ಟರೆ ಬೇರೆ ಹೆಸರೂ ಇರಲಿಲ್ಲ. ಎರಡು ವರ್ಷದ ಹಿಂದೆ ಕೊಟ್ರಬಸಪ್ಪ ಅದನ್ನು ತನಗೆ ಬಿಟ್ಟುಕೊಡಿ, ಎಣ್ಣೆ ಇಂಜಿನ್ನು ಹೂಡಿ ಭತ್ತ ಹಚ್ಚುತ್ತೇನೆ ಎಂದು ಕೇಳಿದ್ದ. ಇವರು ಆಗುವುದಿಲ್ಲ ಎಂದರು. ಅವನು ಮತ್ತೆ ಕೇಳಲಿಲ್ಲ. ಅಂಬಿಗರು ಅದನ್ನು ಒಳ್ಳೆಯತನ ಅಂದುಕೊಂಡರು.

"ನೋಡ್ರಿ, ಇನ್ನೊಂದ್ಸಲ ಹೇಳ್ತೀನಿ" ಎಂದು ಕೊಟ್ರಬಸಪ್ಪ ಬೆತ್ತ ಊರಿದ. "ಸಾಹೇಬ್ರು ಹೈದರಾಬಾದಿನಿಂದ ಹವಾ ತಿನ್ನಾಕ ಬರಾಕತ್ತಾರ. ಗಡ್ಡಿಗೆ ಹೋಗಿ ಕಂಬ ನೋಡ್ತಾರ, ಬಂದು ಊಟ ಮಾಡ್ತಾರ, ಹೊಕ್ಕಾರ. ಹೋಗೂಕಿಂತ ಮದ್ಲ ಮನಿಗೆ ಒಂದು ರೂಪಾಯಿ ಇನಾಮು. ಅದು ನಿಮ್ಮದ, ನಾ ಮುಟ್ಟೂದಿಲ್ಲ. ಗುಮಾಸ್ತರ ಕಾಗದದ ಮ್ಯಾಲ ಹೆಬ್ಬಟ್ಟು ಒತ್ತಿ ತಗೊಳ್ರಿ. ಗಡ್ಡಿ ಮಾತು, ಬೆಳಿ ಮಾತು ಒಬ್ಬನೂ ಎತ್ತಬಾರ್ದು."

"ಇನಾಮಿಗೂ ಹೆಬ್ಬಟ್ಟೇನ್ರಿ?" ಎಂದ ಮುದುಕ ಹಂಪಣ್ಣ. ಅಂಬಿಗರಲ್ಲಿ ಅವನೇ ಹಿರಿಯ, ನ್ಯಾಯ ಹೇಳುವವನು.

"ಹೈದರಾಬಾದಿನ ಇನಾಮು ಮುತ್ಯಾ. ನಿನ್ನ ಸೌತಿಕಾಯಿ ಅಲ್ಲ."

"ರೂಪಾಯಿ ನಮ್ಮದ ಅಂದಮ್ಯಾಲ ಧಣ್ಯಾರಿಗೆ ಬಿಟ್ಟುಕೊಟ್ಟೀವಿ ಅಂತ ಯಾಕ ಅನ್ನಬೇಕ್ರಿ?" ಎಂದು ಕಳಕಮ್ಮ ಕೇಳಿದಳು.

"ಅದು ಮರ್ಯಾದಿ. ದೊಡ್ಡವರ ಮುಂದ ಹಂಗ ಅನ್ನಬೇಕು. ನಿನಗ ತಿಳಿಯೂದಿಲ್ಲ, ಎಣ್ಣಿ ಹಚ್ಚು."

ಕೊಟ್ರಬಸಪ್ಪ ಅಡುಗೆಯವರ ಕಡೆ ಹೋದ ಮೇಲೆ ಹಂಪಣ್ಣ ತಲೆ ಕೆರೆದುಕೊಂಡ. "ಧಣಿ ಮುಟ್ಟೂದಿಲ್ಲ ಅಂದ್ರ ಆ ರೂಪಾಯಿ ಖೋಟಾನ ಇರಬೇಕು ನೋಡ್ರಿ."

ಸಾಹೇಬರು ಕೊಪ್ಪಳದ ಸ್ಟೇಷನ್ನಿನಲ್ಲಿ ಇಳಿದು ಮೋಟಾರಿನಲ್ಲಿ ಬಂದರು. ನರೆತ ಗಡ್ಡ, ಮೆತ್ತನೆಯ ದನಿ. ದಾರಿಗೆ ಅಡ್ಡ ನಿಂತ ಎಮ್ಮೆಗೂ ಬಹುವಚನ ಹಚ್ಚಿ ಮಾತಾಡುವ ಮನುಷ್ಯ. ಜೊತೆಗೆ ಬೇಗಂ ಸಾಹೇಬರು, ಬಿಳಿಯ ಛತ್ರಿ. ಹಿಂದೆ ಗುಮಾಸ್ತ, ಅವನ ಕಂಕುಳಲ್ಲಿ ಕೆಂಪು ಬಟ್ಟೆಯ ಕಾಗದದ ಕಟ್ಟು, ಕೈಯಲ್ಲಿ ಹೆಬ್ಬಟ್ಟಿನ ಮಸಿಯ ಡಬ್ಬಿ.

ಅವರನ್ನು ಎದುರುಗೊಂಡವನು ಮರ್ದಾನಸಾಬ. ಕಡವಿನಲ್ಲಿ ಹಾಳು ಗುಡಿ ತೋರಿಸಿ ಕತೆ ಹೇಳುವವನು ಅವನೊಬ್ಬನೇ. ಉರ್ದೂ ಬಲ್ಲವನೂ ಅವನೊಬ್ಬನೇ. ಗಡ್ಡಿಯ ಮಂಟಪದಲ್ಲಿ ಯಾತ್ರೆಯವರಿಗೆ ಋಷಿಯೊಬ್ಬನನ್ನು ತಪಸ್ಸಿಗೆ ಕೂಡಿಸುತ್ತಿದ್ದ. ಮುಸಲ್ಮಾನ ಅತಿಥಿಗಳು ಬಂದರೆ ಋಷಿಯನ್ನು ಎಬ್ಬಿಸಿ ಕಳಿಸಿ ಸುಲ್ತಾನನ ಕುದುರೆಗೆ ನೀರು ಕುಡಿಸುತ್ತಿದ್ದ. ಇನಾಮು ತೆಗೆದುಕೊಳ್ಳುವುದರಲ್ಲಿ ಅವನದೇ ಒಂದು ಕಾಯ್ದೆ ಇತ್ತು. ಮೊದಲ ಸಲ ಕೊಟ್ಟಾಗ ಬೇಡ ಎನ್ನಬೇಕು. ಎರಡನೆಯ ಸಲ ಎದೆಯ ಮೇಲೆ ಕೈ ಇಟ್ಟು ಬೇಡ ಎನ್ನಬೇಕು. ಮೂರನೆಯ ಸಲ ತೆಗೆದುಕೊಂಡುಬಿಡಬೇಕು. ನಾಲ್ಕನೆಯ ಸಲ ಕೇಳುವಷ್ಟು ಪುರುಸೊತ್ತು ದೊಡ್ಡವರಿಗೆ ಇರುವುದಿಲ್ಲ. ಆದರೆ ಈ ಸಾಹೇಬರು ಮೋಟಾರಿನಿಂದ ಇಳಿದ ಕೂಡಲೇ ಐದು ರೂಪಾಯಿಯ ನೋಟನ್ನು ಅವನ ಜೇಬಿಗೇ ತುರುಕಿದರು. ಬೇಡ ಎನ್ನಲು ಒಂದು ಸಲವೂ ಅವಕಾಶ ಸಿಗದೆ ಮರ್ದಾನಸಾಬ ಗಲಿಬಿಲಿಗೊಂಡ. ಕತೆ ಹೇಳುವ ಮೊದಲೇ ಕೈಗೆ ಬಂದ ಇನಾಮು ಅವನಿಗೆ ಅದೇ ಮೊದಲು.

ತಿಮ್ಮಣ್ಣನ ಹರಿಗೋಲು ದೊಡ್ಡದು, ಅದಕ್ಕೆ ಹೊಸ ಜಮಖಾನೆ ಹಾಸಿದ್ದರು. ಗಡ್ಡಿಯ ಹತ್ತಿರ ಸುಳಿ ಇದ್ದುದರಿಂದ ಅದಕ್ಕೆ ಇಬ್ಬರು ಬೇಕು. ಮುಂದೆ ತಿಮ್ಮಣ್ಣ, ಹಿಂದೆ ಕಳಕಮ್ಮ, ನಡುವೆ ಸಾಹೇಬರು, ಬೇಗಂ, ಮರ್ದಾನಸಾಬ. ಗುಮಾಸ್ತ ಕಾಗದಕ್ಕೆ ನೀರು ತಾಗಬಾರದೆಂದು ದಡದಲ್ಲೇ ಉಳಿದ. ಕೊಟ್ರಬಸಪ್ಪನೂ ಉಳಿದ. ಕುಕನೂರಿನ ಒಣನೆಲದವನು ಅವನು. ಏಳು ವರ್ಷದಿಂದ ಕಡವಿನ ಗುತ್ತಿಗೆ ಹಿಡಿದಿದ್ದರೂ ಒಂದು ದಿನವೂ ಹರಿಗೋಲಿಗೆ ಕಾಲಿಟ್ಟಿರಲಿಲ್ಲ. ಮೊಣಕಾಲು ನೀರಿನ ತನಕ ಬಂದು ಸಲಾಮು ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಟ್ಟು ದಡ ಸೇರಿಕೊಂಡ.

ನೀರು ತಿಳಿಯಾಗಿತ್ತು. ಬೇಗಂ ಸಾಹೇಬರು ಒಂದು ಬೆರಳನ್ನು ನೀರಿನಲ್ಲಿ ಆಡಿಸುತ್ತ, ಈ ಇಬ್ಬರಿಗೆ ಎಷ್ಟು ಕೊಡಬೇಕು ಎಂದು ಉರ್ದೂವಿನಲ್ಲಿ ಕೇಳಿದರು.

"ಅದು ಸೂಕ್ಷ್ಮವಾದ ವಿಷಯ" ಎಂದರು ಸಾಹೇಬರು. "ಕಡಿಮೆ ಕೊಟ್ಟರೆ ಇವರು ನಮ್ಮ ಕಾಲು ನೋಡುತ್ತಾರೆ. ಹೆಚ್ಚು ಕೊಟ್ಟರೆ ಮುಖ ನೋಡುತ್ತಾರೆ. ಮುಖ ನೋಡುವ ಅಭ್ಯಾಸ ಬಿದ್ದರೆ ಮುಂದೆ ಬರುವವರಿಗೆ ಕಷ್ಟ. ಇಳಿಯುವಾಗ ಕೊಡಬೇಕು, ಹತ್ತುವಾಗ ಅಲ್ಲ. ಒಬ್ಬನ ಎದುರಿಗೆ ಇನ್ನೊಬ್ಬನಿಗೆ ಕೊಡಬಾರದು. ಹೆಂಗಸಿಗೆ ಬೇರೆ ಕೊಡುವ ಪದ್ಧತಿ ಇಲ್ಲ."

"ಏನಂತಾರ ಕಾಕಾ?" ಎಂದಳು ಕಳಕಮ್ಮ ಹಿಂದಿನಿಂದ.

"ನಿಮಗ ಎಷ್ಟು ಕೊಟ್ರ ಕೆಟ್ಟುಹೊಕ್ಕೀರಿ ಅಂತ ಲೆಕ್ಕ ಹಾಕಾಕತ್ತಾರ."

"ಒಂದ್ಸಲ ಕೆಡಿಸಿ ನೋಡ್ರಿ ಅನ್ನು."

ಆ ಹೆಂಗಸು ಏನಂದಳು ಎಂದು ಬೇಗಂ ಕೇಳಿದರು. ತಮ್ಮ ಮಕ್ಕಳು ನೂರು ವರ್ಷ ಬಾಳಲಿ ಎನ್ನುತ್ತಿದ್ದಾಳೆ ಎಂದ ಮರ್ದಾನಸಾಬ. ಬೇಗಂ ಹಿಂದೆ ತಿರುಗಿ ಕಳಕಮ್ಮನಿಗೆ ಒಂದು ನಗೆ ಕೊಟ್ಟರು. ಕಳಕಮ್ಮನೂ ಒಂದು ಕೊಟ್ಟಳು, ಹಲ್ಲು ಸಮೇತ.

ಸುಳಿ ದಾಟುವ ಮೊದಲು ಸಾಹೇಬರು ಗಂಟಲು ಸರಿಮಾಡಿಕೊಂಡರು. "ಇವನಿಗೆ ತನ್ನ ಇನಾಮು ಮುಟ್ಟಿದೆಯೇ, ಈಗ ಯಾರ ಕೈಯಲ್ಲಿದೆ, ಕೇಳು."

ಮರ್ದಾನಸಾಬ ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಇನಾಮು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ತಿಮ್ಮಣ್ಣ ಹುಟ್ಟನ್ನು ಕಾಲಸಂದಿಯಲ್ಲಿ ಸಿಕ್ಕಿಸಿ, ಎರಡೂ ಕೈ ಮುಗಿದು, ಹಲ್ಲು ಕಾಣದ ಹಾಗೆ ನಕ್ಕು ಹೇಳಿದ:

"ಮುಟ್ಟೈತ್ರಿ ಹುಜೂರ್. ನಮ್ಮ ಖುಷಿಲೇ ಧಣ್ಯಾರಿಗೆ ಬಿಟ್ಟುಕೊಟ್ಟೀವ್ರಿ."

ಹರಿಗೋಲು ಗರಗರ ಎರಡು ಸುತ್ತು ತಿರುಗಿತು. "ಹುಟ್ಟು ಹಾಕೋ ನಿನ್ನ ಖುಷಿ ಹೆಣಾ ಎತ್ಲಿ" ಎಂದು ಕಳಕಮ್ಮ ಹಿಂದಿನಿಂದ ಬಲ ಹಾಕಿ ನಿಲ್ಲಿಸಿದಳು. ಬೇಗಂ ಸಾಹೇಬರು ಛತ್ರಿಯ ಹಿಡಿಯನ್ನು ಎದೆಗವಚಿಕೊಂಡಿದ್ದರು.

ಮರ್ದಾನಸಾಬ ಉರ್ದೂವಿನಲ್ಲಿ ಹೇಳಿದ. ಸಾಹೇಬರಿಗೆ ಬಹಳ ಸಂತೋಷವಾಯಿತು. "ಎಂಥ ಸರಳ ಜನ. ಬೇರೆ ಊರುಗಳಲ್ಲಿ ಅಳುತ್ತಾರೆ, ಕಾಲು ಹಿಡಿಯುತ್ತಾರೆ, ಅಜ್ಜನ ಕಾಲದ ಚಿಂದಿ ಕಾಗದ ತಂದು ಹರವುತ್ತಾರೆ. ಇಲ್ಲಿ ನೋಡು, ಹನ್ನೆರಡು ಎಕರೆಯನ್ನು ನಗುತ್ತ ಬಿಟ್ಟುಕೊಟ್ಟಿದ್ದಾರೆ."

ಮರ್ದಾನಸಾಬನ ಬಾಯಲ್ಲಿದ್ದ ಎಲೆಅಡಿಕೆ ನಿಂತಿತು. "ಯಾವ ಎಕರೆ ಹುಜೂರ್?"

"ಇದೇ ನಡುಗಡ್ಡೆ. ಸರ್ಕಾರದವರನ್ನು ಪುಕ್ಕಟೆ ದಾಟಿಸುವ ಸೇವೆಗೆ ಅಂಬಿಗರಿಗೆ ಕೊಟ್ಟ ಇನಾಮು ಜಮೀನು. ಗುತ್ತೇದಾರರು ತಮ್ಮ ಹೆಸರಿಗೆ ಬರೆಯಿರಿ ಎಂದು ಅರ್ಜಿ ಹಾಕಿದ್ದಾರೆ. ಇವರ ಬಾಯಿಮಾತು ಬೇಕಾಗಿತ್ತು, ನಾನೇ ಕೇಳಿದೆ. ಊಟಕ್ಕೆ ಮೊದಲು ಹೆಬ್ಬಟ್ಟು ಹಾಕಿಸಿದರೆ ತನಿಖೆ ಮುಗಿಯಿತು."

ಅಲ್ಲಿಂದ ಗಡ್ಡಿಯ ತನಕ ಮರ್ದಾನಸಾಬ ಮಾತಾಡಲಿಲ್ಲ. ಅವನು ಸುಮ್ಮನಿದ್ದುದನ್ನು ಕಳಕಮ್ಮ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಕಂಡಿರಲಿಲ್ಲ.

ಮಂಟಪದಲ್ಲಿ ಅವನ ಕತೆ ಕೆಟ್ಟಿತು. ಸುಲ್ತಾನ ಬಂದು ತಪಸ್ಸಿಗೆ ಕೂತ, ಋಷಿ ಕುದುರೆ ಹತ್ತಿದ. ಸಾಹೇಬರು ಅಷ್ಟು ಗಮನಿಸಲಿಲ್ಲ. ಬೇಗಂ ಕಂಬದ ನೆರಳಿನಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಕಳಕಮ್ಮ ಉಳ್ಳಾಗಡ್ಡಿಯ ಮಡಿಯಲ್ಲಿ ನಿಂತು ಕೈ ಬೀಸಿ ಅವನನ್ನು ಕರೆದಳು.

"ಏನಾತು ಕಾಕಾ? ಬಾಯಾಗ ಕಡಬು ಇಟ್ಕೊಂಡಂಗ ಕುಂತಿದ್ದಿ."

"ಏನಿಲ್ಲ ತಂಗಿ. ಬಿಸಲು."

"ಬಿಸಲು ನಿನಗ ಹೊಸಾದೇನು? ನಮ್ಮ ಮನಿಯವ ಅಂದ ಕೂಡ್ಲೆ ಸಾಹೇಬ ನಕ್ಕ, ನಿನ್ನ ಮಾರಿ ಸತ್ತುಹೋತು. ಏನಂದ ಅವ?"

ಮರ್ದಾನಸಾಬ ಜೇಬು ಮುಟ್ಟಿ ನೋಡಿಕೊಂಡ. "ಐದು ರೂಪಾಯಿ ಕೊಟ್ಟಾನವ್ವಾ. ಮದ್ಲ ಕೊಟ್ಟಾನ. ನಂದೂ ಒಂದು ಹೊಟ್ಟಿ ಐತಿ."

"ನಿನ್ನ ಹೊಟ್ಟಿ ಅಂಗೈಯಷ್ಟೈತಿ. ಐದು ರೂಪಾಯಿ ತುಂಬಿ ಬಾಯಿ ಹೊಲಕೊಂಡಿ. ಹೇಳ್ತಿಯೋ, ಹೊಳ್ಯಾಗ ಅದ್ದಲೋ?"

ಅವನು ಹೇಳಿದ. ಕಳಕಮ್ಮನಿಗೆ ಮೊದಲ ಸಲ ಅರ್ಥವಾಗಲಿಲ್ಲ.

"ಗಡ್ಡಿಗೆ ಇನಾಮು ಅಂತ ಯಾವಾಗ ಹೆಸರಿಟ್ರು?"

"ಕಾಗದದಾಗ ಅದ ಹೆಸರು. ನಿಮ್ಮ ಅಜ್ಜಾರ ಕಾಲದಾಗಿಂದ."

"ನಮ್ಮಜ್ಜ ಯಾರಿಗೂ ಹೇಳಲಿಲ್ಲಲ್ಲ."

"ನಿಮ್ಮಜ್ಜಗ ಕಾಗದ ಓದಾಕ ಬರ್ತಿತ್ತೇನು?"

ತಿಮ್ಮಣ್ಣ ಅಲ್ಲೇ ಬದುವಿನ ಮೇಲೆ ಕೂತು ಎಳೆ ಸೌತೆಕಾಯಿ ತಿನ್ನುತ್ತಿದ್ದ. ಕೇಳಿಸಿಕೊಂಡು ಅಗಿಯುವುದನ್ನು ನಿಲ್ಲಿಸಿದ. "ನಾ ರೊಕ್ಕದ ಇನಾಮು ಅಂತ ಅಂದೀನಿ" ಎಂದ. ಮೊಣಕಾಲು ಸವರಿಕೊಂಡು, "ನನಗ ಹತ್ತು ಸಲ ಹೇಳ್ಸಿದ" ಎಂದ.

ಕಳಕಮ್ಮ ನೇರವಾಗಿ ಮಂಟಪಕ್ಕೆ ಹೋದಳು. ಸೆರಗು ಸರಿಮಾಡಿಕೊಂಡು ಸಾಹೇಬರ ಎದುರಿಗೆ ನಿಂತು, "ಹುಜೂರ್, ನಮ್ಮ ಇನಾಮು ನಮಗ ಬೇಕ್ರಿ" ಎಂದಳು.

ಸಾಹೇಬರಿಗೆ ಆ ವಾಕ್ಯದಲ್ಲಿ ಎರಡು ಶಬ್ದ ತಿಳಿದವು, ಹುಜೂರ್ ಮತ್ತು ಇನಾಮು. ನಕ್ಕು ಕೋಟಿನ ಜೇಬಿನಿಂದ ಒಂದು ರೂಪಾಯಿ ತೆಗೆದು, ಮೊಳದಷ್ಟು ಎತ್ತರದಿಂದ ಅವಳ ಮುಂದೆ ಹಿಡಿದರು. ಅವಳು ಸೆರಗು ಒಡ್ಡಲಿಲ್ಲ.

"ಇದಲ್ರಿ. ಇನಾಮು, ನಮ್ಮ ಇನಾಮು."

ಸಾಹೇಬರು ಇನ್ನೊಂದು ರೂಪಾಯಿ ಸೇರಿಸಿದರು. "ನೋಡಿದಿರಾ?" ಎಂದರು ಬೇಗಂ ಕಡೆ ತಿರುಗಿ. "ಮುಖ ನೋಡುತ್ತಿದ್ದಾಳೆ."

"ಕಾಕಾ, ನೀ ಹೇಳ್ತೀಯೋ ಇಲ್ಲೋ?"

ಮರ್ದಾನಸಾಬ ಹೇಳಿದ. ಜಮೀನು ಎಂಬ ಶಬ್ದವನ್ನು ಎರಡು ಸಲ ಹೇಳಿದ. ಸಾಹೇಬರಿಗೆ ನಿಜವಾಗಿಯೂ ಬೇಸರವಾಯಿತು. ರೂಪಾಯಿಗಳನ್ನು ಕಂಬದ ಬುಡದಲ್ಲಿ ಇಟ್ಟು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ಅವಳ ಗಂಡ ಹೇಳಿದ್ದನ್ನು ತಾವು ಸ್ವಂತ ಕಿವಿಯಿಂದ ಕೇಳಿದ್ದಾರೆ. ಹೆಂಗಸಿನ ಹೆಸರು ಪಟ್ಟಿಯಲ್ಲಿ ಇಲ್ಲ. ತಕರಾರು ಇದ್ದರೆ ಛಾಪಾ ಕಾಗದದ ಮೇಲೆ ಉರ್ದೂವಿನಲ್ಲಿ ಬರೆಸಿ ಹೈದರಾಬಾದಿಗೆ ಕಳಿಸಬಹುದು, ಖಂಡಿತ ಓದುತ್ತಾರೆ. ಉಳಿದ ಹತ್ತು ಜನ ಆಚೆ ದಡದಲ್ಲಿ ಕಾಯುತ್ತಿದ್ದಾರೆ, ಊಟವೂ ಕಾಯುತ್ತಿದೆ. ಇಂಥ ಒಳ್ಳೆಯ ದಿನವನ್ನು ಕೆಡಿಸಿಕೊಳ್ಳುವುದು ಯಾಕೆ.

ಕಳಕಮ್ಮ ಎಲ್ಲವನ್ನೂ ಕೇಳಿದಳು. ಆಮೇಲೆ ನೀರಿಗೆ ಇಳಿದು ತೊಡೆಯ ಮಟ್ಟದಲ್ಲಿ ನಿಂತಳು. ಆಚೆ ದಡದಲ್ಲಿ ಗುಮಾಸ್ತ ಚಾಪೆ ಹಾಸಿ ಕಾಗದ ಹರವುತ್ತಿದ್ದ. ಅಂಬಿಗರು ಅದರ ಮುಂದೆ ಸಾಲು ನಿಂತಿದ್ದರು. ಕೂಗಿ ಹೇಳಿದರೆ ಆ ದೂರಕ್ಕೆ ಮಾತು ಮುಟ್ಟುವುದಿಲ್ಲ. ಮುಟ್ಟಿದರೂ ಕೊಟ್ರಬಸಪ್ಪನ ಬೆತ್ತ ಹತ್ತಿರದಲ್ಲಿತ್ತು.

ಆ ಹೊಳೆಯ ಅಂಬಿಗರಲ್ಲಿ ಒಂದು ಕೂಗು ಇದೆ. ನೀರಿನಲ್ಲಿ ಹೆಣ ಕಂಡವರು ಹಾಕುವ ಕೂಗು. ಹೊಟ್ಟೆಯ ಬುಡದಿಂದ ಎದ್ದು, ಉದ್ದಕ್ಕೆ ಎಳೆದು, ತುದಿಯಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಅದು ಕಿವಿಗೆ ಬಿದ್ದರೆ ಉಣ್ಣುವವನು ತುತ್ತು ಬಿಡಬೇಕು, ಮದುವೆಯಲ್ಲಿದ್ದವನು ಹಂದರ ಬಿಡಬೇಕು, ಹರಿಗೋಲು ಇದ್ದವನು ನೂಕಬೇಕು. ಗುತ್ತೇದಾರನನ್ನು ಕೇಳುವಂತಿಲ್ಲ, ಸರ್ಕಾರವನ್ನು ಕೇಳುವಂತಿಲ್ಲ. ಹೆಣವಿಲ್ಲದೆ ಆ ಕೂಗು ಹಾಕಿದವರನ್ನು ಕುಲದಿಂದ ಹೊರಗೆ ಹಾಕುತ್ತಾರೆ.

ಕಳಕಮ್ಮ ಆ ಕೂಗು ಹಾಕಿದಳು.

ತಿಮ್ಮಣ್ಣನ ಕೈಯಲ್ಲಿದ್ದ ಸೌತೆಕಾಯಿ ಕೆಳಗೆ ಬಿತ್ತು. "ಲೇ ಕಳಕೀ, ಹೆಣ ಎಲ್ಲೈತೇ?"

"ನೀನೂ ಕೂಗು."

ತಿಮ್ಮಣ್ಣ ಅವಳ ಮುಖ ನೋಡಿದ. ನೀರಿಗೆ ಇಳಿದು ಪಕ್ಕದಲ್ಲಿ ನಿಂತು ಕೂಗಿದ. ಕತೆ ಹೇಳಲು ಬಾರದ ಬಾಯಿ ಅದು, ಕೂಗು ಮಾತ್ರ ಚೆನ್ನಾಗಿತ್ತು. ಮಂಟಪದೊಳಗೆ ಬೇಗಂ ಸಾಹೇಬರು ಗಂಡನ ತೋಳು ಹಿಡಿದುಕೊಂಡರು.

ಆಚೆ ದಡದ ಸಾಲು ಒಡೆಯಿತು. ಚಾಪೆ ತುಳಿದು, ಕಾಗದ ತುಳಿದು ಹತ್ತು ಜನ ಓಡಿ ಬಂದರು. ಹತ್ತು ಹರಿಗೋಲುಗಳು ಒಂದರ ಹಿಂದೆ ಒಂದು ನೀರಿಗೆ ಬಿದ್ದವು. ಕೊಟ್ರಬಸಪ್ಪ ದಡದುದ್ದಕ್ಕೂ ಬೆತ್ತ ಎತ್ತಿ ಓಡುತ್ತಿದ್ದ. ಅವನ ಬೈಗುಳ ಗಾಳಿಯ ಮೇಲೆ ಬಿಡಿಬಿಡಿಯಾಗಿ ಬರುತ್ತಿತ್ತು. ಯಾರಯಾರ ಅವ್ವಂದಿರ ಹೆಸರೋ ಇತ್ತು.

ಮೊದಲು ಮುಟ್ಟಿದವನು ಹಂಪಣ್ಣ. ಹುಟ್ಟು ಕೈಯಲ್ಲಿಟ್ಟುಕೊಂಡೇ ಇಳಿದು, "ಯಾರು? ಗಂಡೋ ಹೆಣ್ಣೋ?" ಎಂದು ಕೇಳಿದ.

"ಯಾರೂ ಇಲ್ಲ ಮುತ್ಯಾ. ಗಡ್ಡಿ ಹೋಗಾಕತ್ತೈತಿ" ಎಂದು ಕಳಕಮ್ಮ ಹೇಳಿದಳು. ಇನಾಮಿನ ಮಾತನ್ನೆಲ್ಲ ಹೇಳಿದಳು. ಬಿಟ್ಟ ಕಡೆ ಮರ್ದಾನಸಾಬ ಹೇಳಿದ. ಸುತ್ತ ನಿಂತ ಹತ್ತು ಜನ ತಮ್ಮ ಹೆಬ್ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. ಒಬ್ಬನ ಹೆಬ್ಬೆರಳಿಗೆ ಆಗಲೇ ಮಸಿ ಹತ್ತಿತ್ತು. ಕಾಗದಕ್ಕೆ ಒತ್ತಿದೆಯೋ ಇಲ್ಲವೋ ಎಂದು ಉಳಿದವರು ಕೇಳಿದರೆ, ಒತ್ತುವಷ್ಟರಲ್ಲಿ ಕೂಗು ಬಂತು ಎಂದು ಅವನು ಕಣ್ಣು ಮುಟ್ಟಿ ಆಣೆ ಮಾಡಿದ. ಹಂಪಣ್ಣ ಹುಟ್ಟನ್ನು ಉಸುಕಿಗೆ ಊರಿ ಕಳಕಮ್ಮನ ಕಡೆ ತಿರುಗಿದ.

"ಹೆಣ ಇಲ್ಲದ ಕೂಗಿದ್ರ ಕುಲಾ ಬಿಡಸ್ತೀವಿ. ಗೊತ್ತೈತಿಲ್ಲೋ ನಿನಗ?"

"ಗೊತ್ತೈತಿ. ಬಿಡಸ್ರಿ. ಕುಂತು ನ್ಯಾಯ ಮಾಡಾಕ ಜಾಗಾ ಎಲ್ಲೈತಿ ಹೇಳ್ರಿ. ಇಲ್ಲಿ ಕೊಟ್ರಬಸಪ್ಪನ ಭತ್ತ ಬೆಳದಿರ್ತೈತಿ."

ಮುದುಕ ಮೂಗು ಒರೆಸಿಕೊಂಡ. ಮಂಟಪದ ಕಡೆ ನೋಡಿದ, ಆಚೆ ದಡದ ಕಡೆ ನೋಡಿದ. ಆಮೇಲೆ ತನ್ನ ಹರಿಗೋಲನ್ನು ನೀರಿನಿಂದ ಎಳೆದು, ಮಡಿಗಳ ಪಕ್ಕದ ಉಸುಕಿನ ಮೇಲೆ ತಂದು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಕೂತ. "ಅದರ ನ್ಯಾಯ ಆಮ್ಯಾಲ ಮಾಡೂನು" ಎಂದ. ಉಳಿದ ಒಂಬತ್ತು ಹರಿಗೋಲುಗಳೂ ಒಂದೊಂದಾಗಿ ಬಂದು ಬೋರಲಾದವು. ಕೊನೆಗೆ ತಿಮ್ಮಣ್ಣ ಜಮಖಾನೆಯನ್ನು ಝಾಡಿಸಿ, ಮಡಿಚಿ, ಬೇಗಂ ಸಾಹೇಬರ ಪಕ್ಕದಲ್ಲಿ ಇಟ್ಟು ಬಂದು ತನ್ನದನ್ನೂ ಮಗುಚಿದ.

ಸಾಹೇಬರು ಮಂಟಪದಿಂದ ಇಳಿದು ಬಂದರು. ದನಿ ಏರಲಿಲ್ಲ. ವಾಪಸು ಕರೆದುಕೊಂಡು ಹೋಗಲು ಎಷ್ಟು ಬೇಕಂತೆ ಕೇಳು ಎಂದರು.

"ಏನೂ ಬ್ಯಾಡಂತ ಹೇಳು" ಎಂದಳು ಕಳಕಮ್ಮ. "ಚರ್ಮ ಹಸಿ ಆಗೈತಿ, ಒಣಗಾಕ ಹಾಕೀವಿ."

"ಎಷ್ಟು ಹೊತ್ತು ಬೇಕು ಅಂತಾರ."

"ಚರ್ಮಾನ ಕೇಳಬೇಕು."

ಸಾಹೇಬರು ಬೆರಳೆತ್ತಿದರು. ಸರ್ಕಾರದವರನ್ನು ದಾಟಿಸುವುದು ಇವರ ಸೇವೆ, ಆ ಸೇವೆಗೇ ಇನಾಮು ಕೊಟ್ಟದ್ದು, ಇದನ್ನು ನೆನಪು ಮಾಡಿಕೊಡು ಎಂದರು. ಮರ್ದಾನಸಾಬ ಅದನ್ನು ಕನ್ನಡದಲ್ಲಿ ಹೇಳಿದ.

"ಹೌದೇನು?" ಎಂದಳು ಕಳಕಮ್ಮ. "ಹಂಗಾದ್ರ ಗಡ್ಡಿ ಬಿಟ್ಟುಕೊಟ್ಟಮ್ಯಾಲ ಸೇವಾನೂ ಬಿಟ್ಟುಕೊಟ್ಟಂಗ ಆತಲ್ಲ. ಗಡ್ಡಿ ಯಾರ ಹೆಸರಿಗೆ ಬರೀತಾರೋ ಅವನ ಬಂದು ದಾಟಸ್ಲಿ ಅನ್ನು. ನೋಡು, ಅಲ್ಲೇ ನಿಂತಾನ."

ಹರಿಗೋಲುಗಳ ಬೆನ್ನಿನ ಮೇಲಿಂದ ನಗು ಎದ್ದಿತು. ಆಚೆ ದಡದಲ್ಲಿ ಕೊಟ್ರಬಸಪ್ಪ ಮೊಣಕಾಲು ನೀರಿನಲ್ಲಿ ನಿಂತಿದ್ದ. ಇನ್ನೊಂದು ಹೆಜ್ಜೆ ಮುಂದೆ ಇಟ್ಟ, ನೀರು ತೊಡೆಗೆ ಏರಿತು, ಎರಡು ಹೆಜ್ಜೆ ಹಿಂದೆ ಇಟ್ಟ. ಅವನ ಹಿಂದೆ ಗುಮಾಸ್ತ ಕಾಗದಗಳನ್ನು ಒಂದೊಂದಾಗಿ ಹೆಕ್ಕಿ ಮಣ್ಣು ಝಾಡಿಸುತ್ತಿದ್ದ. ಬಿರಿಯಾನಿಯ ಹಂಡೆಯ ವಾಸನೆ ಗಾಳಿಗೆ ತೇಲಿ ಗಡ್ಡಿಯ ತನಕ ಬಂತು. ಬೇಗಂ ಸಾಹೇಬರು ಛತ್ರಿ ಬಿಚ್ಚಿಕೊಂಡು ಆ ಕಡೆಗೇ ನೋಡುತ್ತ ಕೂತಿದ್ದರು. ಸಾಹೇಬರು ಏನೋ ಹೇಳಲು ಮರ್ದಾನಸಾಬನನ್ನು ಕರೆದರು. ಅವನು ಕೇಳಿಸದವನ ಹಾಗೆ ಹಂಪಣ್ಣನ ಪಕ್ಕ ಹೋಗಿ, ಬೋರಲು ಹರಿಗೋಲಿನ ಮೇಲೆ ಕೂತು, ಎಲೆಅಡಿಕೆಯ ಚೀಲ ಬಿಚ್ಚಿದ. ಐದು ರೂಪಾಯಿ ಮಾತ್ರ ಜೇಬಿನಲ್ಲೇ ಇತ್ತು.

ಕಳಕಮ್ಮ ಸಣ್ಣ ಕುಡುಗೋಲು ತೆಗೆದುಕೊಂಡು ಉಳ್ಳಾಗಡ್ಡಿಯ ಮಡಿಯಲ್ಲಿ ಕಳೆ ತೆಗೆಯಲು ಕೂತಳು. ಒಂದು ಸಾಲು ಮುಗಿದಿರಲಿಲ್ಲ, ಆಚೆ ದಡದಿಂದ ಸಾಹೇಬರ ಮೋಟಾರು ಗಂಗಾವತಿಯ ಹಾದಿ ಹಿಡಿದು ಓಡಿತು. ಅದರ ಧೂಳು ಜಾಲಿಯ ಗಿಡಗಳ ಮೇಲೆ ಏರಿ ನಿಂತಿತು. ಹರಿಗೋಲುಗಳ ಮೇಲಿನ ನಗು ನಿಂತಿತು. ತಿಮ್ಮಣ್ಣ ಬಂದು ಅವಳ ಪಕ್ಕದಲ್ಲಿ ಕುಕ್ಕರಿಸಿದ.

"ಪೊಲೀಸ್ರನ್ನ ಕರಿಯಾಕ ಹೋದ್ರು ನೋಡು."

ಕಳಕಮ್ಮ ತಲೆ ಎತ್ತಲಿಲ್ಲ. ಕಿತ್ತ ಹುಲ್ಲಿನ ಬೇರಿನ ಮಣ್ಣು ಕೊಡವಿ ಬದುವಿನ ಆಚೆ ಎಸೆದಳು.

"ಬರ್ಲಿ" ಎಂದಳು. "ಯಾತರಾಗ ಬರ್ತಾರ?"